ಹಸಿರು ಮರದ ಜಮಾ-ಖರ್ಚು

(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಿತ್ಯಹರಿದ್ವರ್ಣ ಮರ ಎಲೆ ಉದುರಿಸುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಅದೂ ಉದುರಿಸುತ್ತದೆ, ಬೋಳಾಗುವುದಿಲ್ಲ, ಅಷ್ಟೇ. ಉತ್ತರಾಖಂಡದ ಬೆಟ್ಟಗಳಲ್ಲಿ ಬೆಳೆಯುವ ಬಾಂಜ್ ಎಂಬ ಓಕ್ ಮರವನ್ನೇ ನೋಡಿ. ಅದರ ಎಲೆಗೆ ಹೆಚ್ಚುಕಡಿಮೆ ಒಂದು ವರ್ಷ ಆಯುಸ್ಸು. ಮಾರ್ಚ್-ಏಪ್ರಿಲ್‌ನಲ್ಲಿ ಹೊಸ ಚಿಗುರು ಬರುವ ಹೊತ್ತಿಗೇ ಹಳೆಯ ಎಲೆ ಬೀಳುತ್ತದೆ.

ಚಿಗುರೆಲೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಸಿಯಂ ಹೆಚ್ಚು. ಎಲೆ ಬಲಿತು ತೂಕ ಹೆಚ್ಚಿದಂತೆ ಅವುಗಳ ಶೇಕಡಾ ಪ್ರಮಾಣ ಇಳಿಯುತ್ತದೆ. ಕ್ಯಾಲ್ಸಿಯಂ ಮಾತ್ರ ಏರುತ್ತಲೇ ಹೋಗುತ್ತದೆ. ಒಮ್ಮೆ ಎಲೆ ಸೇರಿದ್ದು ಹಿಂದಿರುಗುವುದಿಲ್ಲ. ಚಳಿಗಾಲದುದ್ದಕ್ಕೂ ಎಲೆಯೇ ಮರದ ಕಣಜ. ಎಲೆ ಉದುರುವ ಮುನ್ನ ಸಾರಜನಕ, ರಂಜಕಗಳ ಒಂದು ಪಾಲನ್ನು ಮರ ಹಿಂದಕ್ಕೆ ಎಳೆದುಕೊಂಡು ಚಿಗುರಿಗೆ ಉಣಿಸುತ್ತದೆ. ಉಳಿದದ್ದು ನೆಲಕ್ಕೆ ಬಿದ್ದು, ಮಳೆಗಾಲದಲ್ಲಿ ಕೊಳೆತು, ಬೇರಿನ ಮೂಲಕ ಮತ್ತೆ ಮರ ಸೇರುತ್ತದೆ.

ಚಳಿಗಾಲದಲ್ಲಿ ಅಲ್ಲಿ ಹಸಿ ಹುಲ್ಲು ಸಿಗುವುದಿಲ್ಲ. ಹೆಣ್ಣುಮಕ್ಕಳು ದನಗಳ ಮೇವಿಗೆ ಬಾಂಜ್ ಸೊಪ್ಪು ಕಡಿಯುತ್ತಾರೆ, ತರಗೆಲೆ ಗುಡಿಸಿ ಕೊಟ್ಟಿಗೆಗೆ ಹಾಸುತ್ತಾರೆ. ಅದು ಅವರ ಬದುಕು; ತಪ್ಪೆನ್ನಲು ನಾವು ಯಾರು? ಆದರೆ ಅದೇ ಮರವನ್ನು ವರ್ಷವರ್ಷವೂ ಬೋಳಿಸಿದರೆ, ಕೊಟ್ಟ ಗಂಟು ವಾಪಸು ಬರುವ ಮೊದಲೇ ಮರದ ಕೈತಪ್ಪುತ್ತದೆ. ಸೊರಗಿದ ಕಾಡಿಗೆ ಚೀಡ್ ಎಂಬ ಪೈನ್ ಮರ ನುಗ್ಗುತ್ತದೆ. ಹೀಗೆ ಓಕ್ ಹೋಗಿ ಪೈನ್ ಬಂದರೆ ಸಾರಜನಕದ ಚಕ್ರವೇ ಬದಲಾಗುತ್ತದೆ ಎಂದು ಜೆ.ಎಸ್. ಸಿಂಗ್ ಮತ್ತು ಸಂಗಡಿಗರು 1984ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಪೈನ್‌ನ ಸೂಜಿಯೆಲೆಯಲ್ಲಿ ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಡವಾದ ಆ ಮಣ್ಣಿಗೆ ಓಕ್ ಮರಳುವುದು ಕಷ್ಟ.

ಸೊಪ್ಪಿನ ಬೆಟ್ಟ ನಂಬಿ ಅಡಿಕೆ ಬೆಳೆಯುವ ನಮ್ಮ ಮಲೆನಾಡಿನವರಿಗೆ ಈ ಲೆಕ್ಕ ಹೊಸದೇನಲ್ಲ: ಬೆಟ್ಟದಿಂದ ತರುವುದಕ್ಕೂ ಒಂದು ಮಿತಿ ಬೇಕು.

ಮಕ್ಕಳೇ, ಶಾಲೆಯ ಅಂಗಳದಲ್ಲಿ ಒಂದು ಮರ ಆರಿಸಿಕೊಳ್ಳಿ. ಯಾವ ತಿಂಗಳು ಚಿಗುರಿತು, ಯಾವ ತಿಂಗಳು ಎಲೆ ಬಿತ್ತು, ಒಂದು ವರ್ಷ ಬರೆದಿಡಿ. ಗುಡಿಸಿದ ತರಗೆಲೆಗೆ ಬೆಂಕಿ ಹಚ್ಚಬೇಡಿ. ಸುಟ್ಟರೆ ಸಾರಜನಕ ಗಾಳಿಪಾಲು. ಅದನ್ನು ಮರದ ಬುಡಕ್ಕೇ ಹಾಕಿ. ಮರದ್ದು ಮರಕ್ಕೆ ಸೇರಲಿ.