ಹಸುವಿನ ಬೆನ್ನು, ನಮ್ಮ ಬೆನ್ನು

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಇವತ್ತು ಮನುಷ್ಯರ ಸೊಂಟದ ವಿಷಯ ಮಾತನಾಡುತ್ತಾರೆ ಎಂದು ಕಾರ್ಯದರ್ಶಿಗಳು ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿದ್ದು ನನಗೆ ಕೇಳಿಸಿತು. ನಗಬೇಕಾದ ಮಾತೇ. ಆದರೆ ನಾನು ದಿನವೂ ನಿಮ್ಮ ಕೊಟ್ಟಿಗೆಗೆ ಬರುವವನು. ಹಸುವಿಗೆ ಏನಾಗಿದೆ ಎಂದು ಕೇಳಿದರೆ ನೀವು ಬಾಯಲ್ಲಿ ಹಸುವಿನ ಕಥೆ ಹೇಳುತ್ತೀರಿ, ಕೈ ಮಾತ್ರ ನಿಮ್ಮ ಸೊಂಟದ ಮೇಲಿರುತ್ತದೆ. ಹಸು ಮಾರುತ್ತೇವೆ ಎನ್ನುವವರನ್ನು ಏಕೆ ಎಂದು ಕೇಳಿ ನೋಡಿ. ಮೇವಿಲ್ಲ, ಹಿಂಡಿಯ ಬೆಲೆ ಹೆಚ್ಚಾಯಿತು ಎಂಬ ಕಾರಣಗಳ ಜೊತೆಗೆ "ಬಗ್ಗಲು ಆಗುವುದಿಲ್ಲ" ಎಂಬ ಮಾತೂ ಬರುತ್ತದೆ. ಆದ್ದರಿಂದ ಇದು ಹೈನುಗಾರಿಕೆಯ ವಿಷಯವೇ. ಇನ್ನೊಂದು ಕಾರಣವೂ ಇದೆ, ಅದು ನನ್ನದೇ ಒಂದು ತಪ್ಪಿನ ಕಥೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬೆನ್ನು ಎಂದರೆ ಏನು?

ಹಸುವಿನ ಕತ್ತಿನಲ್ಲಿ 7, ಬೆನ್ನಿನಲ್ಲಿ 13, ಸೊಂಟದಲ್ಲಿ 6 ಮಣಿ ಮೂಳೆಗಳಿವೆ. ಮನುಷ್ಯರಿಗೆ ಕತ್ತಿನಲ್ಲಿ 7, ಬೆನ್ನಿನಲ್ಲಿ 12, ಸೊಂಟದಲ್ಲಿ 5. ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ನಿಲ್ಲುವ ರೀತಿಯಲ್ಲಿ. ಹಸುವಿನ ಬೆನ್ನು ನಾಲ್ಕು ಕಂಬಗಳ ಮೇಲೆ ಇಟ್ಟ ತೊಲೆ. ನಮ್ಮದು ನೆಟ್ಟ ಕಂಬ. ಮೇಲಿನ ಭಾರವೆಲ್ಲ ಕೆಳಗಿಳಿದು ಸೊಂಟದ ಐದು ಮಣಿಗಳ ಮೇಲೆ ಕೂರುತ್ತದೆ. ಒಂದೊಂದು ಮಣಿಯ ನಡುವೆ ಒಂದೊಂದು ಮೆತ್ತೆ ಇದೆ. ಡಿಸ್ಕ್ ಎಂದು ಡಾಕ್ಟರು ಹೇಳುವುದು ಇದನ್ನೇ. ಕಂಬ ಅಲುಗದಂತೆ ಸುತ್ತ ಹಗ್ಗ ಕಟ್ಟುತ್ತೇವಲ್ಲ, ಹಾಗೆ ಹೊಟ್ಟೆ, ಬೆನ್ನು ಮತ್ತು ಪೃಷ್ಠದ ಮಾಂಸಖಂಡಗಳು ಈ ಕಂಬವನ್ನು ಹಿಡಿದಿವೆ.

ಬೆನ್ನು ನೋವು ಬಂತೆಂದರೆ ಡಿಸ್ಕ್ ಜಾರಿತು, ಮೂಳೆ ಸವೆಯಿತು ಎಂದು ಹೆದರುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಹಾಗಿರುವುದಿಲ್ಲ. ಮಾಂಸಖಂಡ, ನಾರು, ಸಣ್ಣ ಕೀಲುಗಳಲ್ಲಿ ಆದ ನೋವು ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಎಕ್ಸ್‌ರೇಯಲ್ಲಿ "ಸವೆದಿದೆ" ಎಂದು ಬರೆದಿದ್ದರೂ ಗಾಬರಿ ಬೇಡ. ವಯಸ್ಸಾದಂತೆ ನೋವೇ ಇಲ್ಲದವರಲ್ಲಿಯೂ ಈ ಸವೆತ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಪ್ರಪಂಚದಲ್ಲಿ 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ನೀವು ಒಂಟಿಯಲ್ಲ.

ಮಲಗಿದ ಹಸು, ಮಲಗಿದ ಡಾಕ್ಟರು

2014ರ ಮಳೆಗಾಲದ ಒಂದು ರಾತ್ರಿ, ಅಡ್ಡ ಸಿಕ್ಕಿದ ಕರುವನ್ನು ಎಳೆಯುವಾಗ ನನ್ನ ಸೊಂಟ ಹಿಡಿದುಕೊಂಡಿತು. ಯಾರೋ ಹೇಳಿದರೆಂದು ಹಲಗೆಯ ಮೇಲೆ ಹನ್ನೆರಡು ದಿನ ಮಲಗಿದೆ. ಹದಿಮೂರನೆಯ ದಿನ ಎದ್ದರೆ ಕಾಲು ನಡುಗುತ್ತಿತ್ತು, ನೋವು ಮೊದಲಿಗಿಂತ ಹೆಚ್ಚಾಗಿತ್ತು. ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ, "ಮಲಗಿದ್ದು ಸಾಕು, ಇವತ್ತಿನಿಂದ ಸ್ವಲ್ಪ ಸ್ವಲ್ಪ ನಡೆಯಿರಿ" ಎಂದರು.

ನನಗೆ ನಾಚಿಕೆಯಾಯಿತು. ಹಾಲುಜ್ವರ ಬಂದು ಬಿದ್ದ ಹಸುವನ್ನು ಒಂದೇ ಮಗ್ಗುಲಲ್ಲಿ ಬಿಡಬೇಡಿ, ಮಗ್ಗುಲು ಬದಲಿಸಿ, ಎಬ್ಬಿಸಲು ನೋಡಿ, ಇಲ್ಲದಿದ್ದರೆ ಕಾಲಿನ ಮಾಂಸವೇ ಸತ್ತುಹೋಗುತ್ತದೆ ಎಂದು ನಿಮಗೆ ನೂರು ಸಲ ಹೇಳಿದವನು ನಾನು. ನನ್ನ ಸರದಿ ಬಂದಾಗ ನಾನೇ ಮಲಗಿಬಿಟ್ಟಿದ್ದೆ.

ಆದ್ದರಿಂದ ಬೆನ್ನು ಹಿಡಿದರೆ ಒಂದೆರಡು ದಿನ ಭಾರದ ಕೆಲಸ ಬಿಡಿ, ಬಿಸಿ ಶಾಖ ಕೊಡಿ. ಆದರೆ ಓಡಾಟ ನಿಲ್ಲಿಸಬೇಡಿ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸುವ ಪದ್ಧತಿ ನಮ್ಮಲ್ಲಿದೆ. ನಂಬಿಕೆಯನ್ನು ನಾನು ಹಳಿಯುವುದಿಲ್ಲ, ಆದರೆ ಮೂಳೆ ಟೊಳ್ಳಾದ ವಯಸ್ಸಾದವರ ಬೆನ್ನು ತುಳಿದರೆ ಮಣಿ ಮುರಿಯಬಹುದು. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ದನಕ್ಕೆ ನಾವು ಕೊಟ್ಟ ಔಷಧಿಯನ್ನು ನಿಮ್ಮ ಮೇಲೆ ಪ್ರಯೋಗಿಸಲೇಬೇಡಿ.

ಕೊಟ್ಟಿಗೆಯ ಕೆಲಸ ಹೇಗೆ ಮಾಡಬೇಕು?

ಮೊದಲನೆಯದು ಬೆಳಗಿನ ಜಾವ. ರಾತ್ರಿ ಮಲಗಿದಾಗ ಬೆನ್ನಿನ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಕೂಡಲೇ ಪೂರ್ತಿ ಬಗ್ಗಿ ಭಾರ ಎತ್ತಿದರೆ ಅವುಗಳ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ನಮ್ಮ ಕೆಲಸ ಶುರುವಾಗುವುದೇ ಐದು ಗಂಟೆಗೆ. ಏನು ಮಾಡುವುದು? ಸಗಣಿಯನ್ನು ಉದ್ದ ಹಿಡಿಯ ಎಳೆಗೋಲಿನಿಂದ ಒಂದು ಕಡೆ ಕೂಡಿಸಿ, ಹಾಲು ಕರೆಯಿರಿ. ಬುಟ್ಟಿ ತುಂಬಿ ತಿಪ್ಪೆಗೆ ಹಾಕುವ ಕೆಲಸ ಸಂಘಕ್ಕೆ ಹಾಲು ಹಾಕಿ ಬಂದ ಮೇಲೆ ಇರಲಿ. ಅಷ್ಟು ಹೊತ್ತಿಗೆ ಬೆನ್ನು ಸಡಿಲಾಗಿರುತ್ತದೆ.

ಎರಡನೆಯದು ಹಾಲು ಕರೆಯುವುದು. ಕುಕ್ಕರಗಾಲಿನಲ್ಲಿ ಕುಳಿತು ಮಂಡಿಗಳ ನಡುವೆ ಬಕೆಟ್ಟು ಹಿಡಿದು ಎರಡು ಮೂರು ಹಸು ಕರೆದರೆ ಮಂಡಿಯೂ ಸೊಂಟವೂ ದಣಿಯುತ್ತವೆ. ಒಂದು ಗಟ್ಟಿ ಮಣೆ ಅಥವಾ ಮೋಟು ಸ್ಟೂಲು ಇಟ್ಟುಕೊಳ್ಳಿ, ಹಸುವಿನ ಹತ್ತಿರ ಕೂರಿ. ದೂರ ಕುಳಿತು ಕೈ ಚಾಚಬೇಡಿ. ಹೆಬ್ಬೆರಳು ಮಡಚಿ ಹಿಂಡುವ ಅಭ್ಯಾಸ ಬಿಡಿ ಎಂದು ಕೆಚ್ಚಲಿನ ಸಲುವಾಗಿ ಹೇಳುತ್ತಾ ಬಂದಿದ್ದೇನೆ. ನಿಮ್ಮ ಹೆಬ್ಬೆರಳಿನ ಕೀಲಿನ ಸಲುವಾಗಿಯೂ ಹೇಳುತ್ತೇನೆ. ಇಡೀ ಮುಷ್ಟಿಯಲ್ಲಿ ಹಿಡಿದು ಹಿಂಡಿ. ಮೊಲೆಗೂ ಒಳ್ಳೆಯದು, ಕೈಗೂ ಒಳ್ಳೆಯದು.

ಮೂರನೆಯದು ಭಾರ. ಸನ್ನೆಗೋಲಿನಿಂದ ಕಲ್ಲು ಎಬ್ಬಿಸಿದವರಿಗೆ ಇದು ಗೊತ್ತು. ಕೋಲು ಉದ್ದವಾದಷ್ಟೂ ತುದಿಯ ಬಲ ಹೆಚ್ಚು. ಕೈ ಚಾಚಿ ಎತ್ತಿದ ಬಕೆಟ್ಟು ಸೊಂಟದ ಮೇಲೆ ತನ್ನ ತೂಕಕ್ಕಿಂತ ಹಲವು ಪಟ್ಟು ಭಾರ ಹೇರುತ್ತದೆ. ಅದೇ ಬಕೆಟ್ಟು ಮೈಗೆ ತಾಗಿಕೊಂಡಿದ್ದರೆ ಹಗುರ. ಪಶು ಆಹಾರದ ಚೀಲ 50 ಕೆ.ಜಿ. ಇರುತ್ತದೆ. ಹಾಲು ತುಂಬಿದ 40 ಲೀಟರಿನ ಕ್ಯಾನಿನಲ್ಲಿ ಹಾಲೇ 41 ಕೆ.ಜಿ., ಕ್ಯಾನಿನ ತೂಕ ಬೇರೆ. ಇವನ್ನು ಒಬ್ಬರೇ ಎತ್ತುವುದು ಶೌರ್ಯವಲ್ಲ. ಚೀಲವನ್ನು ಗಾಡಿಯ ಮೇಲೆಯೇ ಬಿಚ್ಚಿ, ಎರಡು ಬಕೆಟ್ಟಿಗೆ ಸಮನಾಗಿ ಹಾಕಿ, ಎರಡು ಕೈಯಲ್ಲಿ ಹಿಡಿದು ಒಯ್ಯಿರಿ. ಕ್ಯಾನನ್ನು ಇಬ್ಬರು ಹಿಡಿಯಿರಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಹೆಜ್ಜೆ ಇಟ್ಟು ಮೈಯನ್ನೇ ತಿರುಗಿಸಿ.

ನಾಲ್ಕನೆಯದು ಕೊಟ್ಟಿಗೆ. ಮೋಟು ಪೊರಕೆಗೆ ಒಂದು ಬಿದಿರಿನ ಹಿಡಿ ಕಟ್ಟಿದರೆ ಖರ್ಚಿಲ್ಲದೆ ಬಗ್ಗುವುದು ತಪ್ಪುತ್ತದೆ. ಒಂಟಿ ಚಕ್ರದ ತಳ್ಳುಗಾಡಿ ಸಗಣಿಗೂ ಆಯಿತು, ಹುಲ್ಲಿಗೂ ಆಯಿತು. ಬಾವಿಯಿಂದ ಕೊಡ ಹೊರುವ ಮನೆಯವರು ಮೊದಲು ಖರ್ಚು ಮಾಡಬೇಕಾದದ್ದು ತೊಟ್ಟಿಯವರೆಗೆ ಒಂದು ಪೈಪಿಗೆ. ನೆಲಕ್ಕೆ ಗಂಜಲ ಹರಿದುಹೋಗುವಷ್ಟು ಇಳಿಜಾರು ಇರಲಿ, ಜಾರುವಷ್ಟು ನುಣುಪು ಬೇಡ. ಜಾರಿ ಬಿದ್ದರೆ ಹಸುವಿನ ಕಾಲೂ ಮುರಿಯುತ್ತದೆ, ಯಜಮಾನರ ಸೊಂಟವೂ ಮುರಿಯುತ್ತದೆ.

ಒಂದು ಮಾತು ಗಮನದಲ್ಲಿರಲಿ. ಬಗ್ಗುವುದೇ ಪಾಪವಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು, ಅಭ್ಯಾಸವಿಲ್ಲದ ಭಾರವನ್ನು ಒಮ್ಮೆಲೇ ಎತ್ತುವುದು ತೊಂದರೆ ಕೊಡುತ್ತವೆ. ಹುಲ್ಲು ಕೊಯ್ಯುವಾಗ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಿ. ಕೆಲಸವಿದ್ದರೂ ದಿನಕ್ಕೆ ಅರ್ಧ ಗಂಟೆ ಕೈ ಬೀಸಿ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ತೊಡೆ ಗಟ್ಟಿಯಾದರೆ ಮಂಡಿಗೆ ಆಸರೆ. ಮೈ ತೂಕ ಇಳಿದಷ್ಟೂ ಮಂಡಿಯ ಹೊರೆ ಇಳಿಯುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಬೆನ್ನು ನೋವು ಹೆಚ್ಚು ಎಂಬುದೂ ಕಂಡುಬಂದಿದೆ.

ಮನೆಗೂ ಒಂದು ಲೋಟ

ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿ.ಗ್ರಾಂ. ಸುಣ್ಣದಂಶ ಬೇಕು. ಕಾಲು ಲೀಟರ್ ಹಾಲಿನಲ್ಲಿ ಸುಮಾರು 300 ಮಿ.ಗ್ರಾಂ. ಇದೆ, ನೂರು ಗ್ರಾಂ ರಾಗಿಯಲ್ಲಿ ಅದಕ್ಕಿಂತಲೂ ಸ್ವಲ್ಪ ಹೆಚ್ಚು. ಹೆಚ್ಚು ಕರೆಯುವ ಹಸುವಿಗೆ ಖನಿಜ ಮಿಶ್ರಣ ತಪ್ಪಿಸುವುದಿಲ್ಲ ನೀವು. ಆದರೆ ಆ ಹಸುವನ್ನು ಕರೆದ ತಾಯಿ, ಹಾಲನ್ನೆಲ್ಲ ಕ್ಯಾನಿಗೆ ಸುರಿದು ತಾನು ಕಪ್ಪು ಟೀ ಕುಡಿಯುವುದನ್ನು ನಾನು ಕಂಡಿದ್ದೇನೆ. ಒಕ್ಕೂಟದ ನೌಕರನಾಗಿ ಹೇಳುತ್ತಿದ್ದೇನೆ, ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಸಂಘಕ್ಕೆ ತನ್ನಿ.

ಯಾವಾಗ ತಡಮಾಡಬಾರದು?

ಬೆನ್ನು ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲ ಹಿಡಿತ ತಪ್ಪಿದರೆ, ತೊಡೆಯ ಸಂದು ಜೋಮು ಹಿಡಿದರೆ, ಕಾಲಿನ ಬಲ ಕುಗ್ಗುತ್ತಾ ಬಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಮಲಗಿದರೂ ಬಿಡದ ರಾತ್ರಿಯ ನೋವು, ಮೈ ಇಳಿಯುವುದು, ಜ್ವರ, ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಿ. ಬೆನ್ನುಮೂಳೆಗೆ ಕ್ಷಯವೂ ಬರುತ್ತದೆ. ನಮ್ಮಂತಹ ದನ ಕಟ್ಟಿದವರಿಗೆ ಇನ್ನೊಂದು ರೋಗವೂ ಬರುತ್ತದೆ.

ನಾನು ಕೇಳದೆ ಬಿಟ್ಟ ಪ್ರಶ್ನೆ

2017ರಲ್ಲಿ ಒಬ್ಬ ಸದಸ್ಯೆಯ ಹಸು ಏಳನೆಯ ತಿಂಗಳಲ್ಲಿ ಕಂದು ಹಾಕಿತು. ನಾನು ಹೋಗಿ, ಬೀಳದೆ ಉಳಿದ ಮಾಸನ್ನು ತೆಗೆದು, ಔಷಧಿ ಕೊಟ್ಟು, ಪುಸ್ತಕದಲ್ಲಿ ಬರೆದು ಬಂದೆ. ಸತ್ತ ಕರುವನ್ನೂ ಮಾಸನ್ನೂ ಆ ತಾಯಿ ಬರಿಗೈಯಲ್ಲಿ ಬಾಚಿ ತಿಪ್ಪೆಗೆ ಹಾಕಿದರು. ಒಂದೆರಡು ತಿಂಗಳಲ್ಲಿ ಅವರಿಗೆ ಸೊಂಟ ನೋವು ಶುರುವಾಯಿತು. ಹೊರೆ ಹೊತ್ತದ್ದು ಹೆಚ್ಚಾಯಿತು ಎಂದರು ಎಲ್ಲರೂ. ಎಣ್ಣೆ ತಿಕ್ಕಿದರು, ಪಟ್ಟಿ ಹಾಕಿಸಿದರು, ಬೆಲ್ಟು ಕಟ್ಟಿದರು. ಎಂಟು ತಿಂಗಳಾದ ಮೇಲೆ ಸಂಘದ ಹತ್ತಿರ ಸಿಕ್ಕಿ, "ಸೊಂಟ ಬಿದ್ದೋಯ್ತು ಸಾರ್, ಹಸ ಮಾರ್ತಾ ಇದೀನಿ" ಎಂದರು.

ಆಗ ಕೇಳಿದೆ, "ಜ್ವರ ಬರುತ್ತದೆಯೇ ಅಮ್ಮಾ?" "ಸಂಜೆ ಆದ್ರೆ ಮೈ ಬಿಸಿ, ರಾತ್ರಿ ಸೀರೆ ಒದ್ದೆ ಆಗೋ ಹಂಗೆ ಬೆವರು" ಎಂದರು. ನನ್ನ ಎದೆ ಧಸಕ್ಕೆಂದಿತು. ರಕ್ತ ಪರೀಕ್ಷೆ ಮಾಡಿಸಿದಾಗ ಬ್ರುಸೆಲ್ಲೋಸಿಸ್, ಅಂದರೆ ನಾವು ಹೇಳುವ ಕಂದು ರೋಗ, ಅವರ ಬೆನ್ನುಮೂಳೆಯಲ್ಲಿ ಕೂತಿತ್ತು.

ಇದು ಹೊಸ ರೋಗವಲ್ಲ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯ ಮಾಲ್ಟಾ ದ್ವೀಪದಲ್ಲಿ ಸೈನಿಕರಿಗೆ ಬರುತ್ತಿದ್ದ ಇಂಥ ಜ್ವರದ ರೋಗಾಣುವನ್ನು ಗುರುತಿಸಿದ. ಹಸು ಕಂದು ಹಾಕಲು ಕಾರಣವಾದ ಅದೇ ಜಾತಿಯ ರೋಗಾಣುವನ್ನು 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಬ್ಯಾಂಗ್ ಕಂಡುಹಿಡಿದ. ಕಂದಿನ ಕರು, ಮಾಸು ಮತ್ತು ಸ್ರಾವದಲ್ಲಿ ಇದು ತುಂಬಿರುತ್ತದೆ. ಕೈಯ ಸಣ್ಣ ಗಾಯ, ಕಣ್ಣು, ಉಸಿರಿನ ಮೂಲಕ, ಕಾಯಿಸದ ಹಾಲಿನ ಮೂಲಕ ನಮಗೆ ಬರುತ್ತದೆ. ಜ್ವರ, ಬೆವರು, ಸುಸ್ತು, ಕೀಲು ನೋವು, ಬೆನ್ನು ನೋವು ಇದರ ಲಕ್ಷಣ. ಎರಡು ಬಗೆಯ ಔಷಧಿಯನ್ನು ಕನಿಷ್ಠ ಆರು ವಾರ, ಬೆನ್ನುಮೂಳೆಗೆ ತಾಗಿದ್ದರೆ ಇನ್ನೂ ಹೆಚ್ಚು ಕಾಲ, ವೈದ್ಯರು ಹೇಳಿದಂತೆ ತೆಗೆದುಕೊಳ್ಳಬೇಕು. ನಡುವೆ ಬಿಟ್ಟರೆ ಮರುಕಳಿಸುತ್ತದೆ.

ನೀವು ಮಾಡಬೇಕಾದದ್ದು ಇಷ್ಟು:

1. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದು ಸಲ ಕಂದು ರೋಗದ ಲಸಿಕೆ ಹಾಕಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಸೇರಿದೆ. ಗಬ್ಬದ ಹಸುವಿಗೂ ಗಂಡು ಕರುವಿಗೂ ಇದನ್ನು ಹಾಕುವುದಿಲ್ಲ.

2. ಐದು ತಿಂಗಳ ನಂತರ ಹಸು ಕಂದು ಹಾಕಿದರೆ ನಮಗೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿ, ಆ ಹಸುವನ್ನು ಬೇರೆ ಕಟ್ಟಿ.

3. ಮಾಸನ್ನೂ ಸತ್ತ ಕರುವನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ನಾಯಿಗೆ ಸಿಗದಂತೆ ಆಳವಾಗಿ ಸುಣ್ಣ ಹಾಕಿ ಹೂಳಿ. ಕೈಯನ್ನು ಸೋಪಿನಿಂದ ತೊಳೆಯಿರಿ. ಬಸುರಿ ಹೆಣ್ಣುಮಕ್ಕಳು ಹತ್ತಿರ ಹೋಗಬಾರದು.

4. ಹಸಿ ಹಾಲು ಕುಡಿಯಬೇಡಿ. ಕುದಿಸಿದ ಹಾಲಿನಲ್ಲಿ ಈ ರೋಗಾಣು ಉಳಿಯುವುದಿಲ್ಲ.

5. ಜ್ವರದ ಜೊತೆ ಬೆನ್ನು ನೋವಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ: "ನಾವು ದನ ಕಟ್ಟಿದ್ದೇವೆ, ನಮ್ಮ ಹಸು ಕಂದು ಹಾಕಿತ್ತು." ಕೇಳಲಿಲ್ಲ ಎಂದು ಹೇಳದೆ ಬರಬೇಡಿ.

ಆ ತಾಯಿ ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡು ಚೇತರಿಸಿಕೊಂಡರು. ಒಂದು ಹಸು ಇಟ್ಟುಕೊಂಡಿದ್ದಾರೆ, ಈಗಲೂ ಹಾಲು ಹಾಕುತ್ತಾರೆ. ಆದರೆ ಬಹಳ ಹೊತ್ತು ಕೂರಲು ಆಗುವುದಿಲ್ಲ. ಆ ದಿನ ನಾನು ಭುಜದವರೆಗೆ ಕೈಗವಸು ಹಾಕಿಕೊಂಡಿದ್ದೆ. ನನ್ನ ಪೆಟ್ಟಿಗೆಯಲ್ಲಿ ಇನ್ನೂ ಹತ್ತು ಜೊತೆ ಇತ್ತು. ಒಂದು ಜೊತೆ ಅವರಿಗೂ ಕೊಡಬಹುದಿತ್ತು. ಈಗ ಕಂದು ಹಾಕಿದ ಹಸು ನೋಡಲು ಹೋದರೆ ಮೊದಲು ಕೈಗವಸು ಕೊಟ್ಟು, ಆಮೇಲೆ ಹಸು ಮುಟ್ಟುತ್ತೇನೆ. ಅಕಸ್ಮಾತ್ ನಾನು ಮರೆತರೆ ನೀವೇ ಕೇಳಿ ಪಡೆಯಿರಿ, ಸಂಕೋಚ ಬೇಡ.

ಹಸುವಿನ ಬೆನ್ನು ಸವರಿ ಆರೋಗ್ಯ ತಿಳಿಯುವವರು ನೀವು. ನಿಮ್ಮ ಬೆನ್ನಿನ ಮಾತನ್ನೂ ಸ್ವಲ್ಪ ಕೇಳಿಸಿಕೊಳ್ಳಿ. ಇಷ್ಟು ಹೊತ್ತು ಕುಳಿತಿದ್ದೀರಿ. ಈಗ ಎಲ್ಲರೂ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಒಮ್ಮೆ ಹಿಂದಕ್ಕೆ ಬಾಗಿ, ಆಮೇಲೆ ಕಾಫಿಗೆ ಹೋಗೋಣ.