ತೋಳು ಸೋತಾಗ



ಅಮೆರಿಕದ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿರುತ್ತಾನೆ. ಎದುರಾಳಿಗಳು ಮೈಮೇಲೆ ಬೀಳುವ ಮೊದಲು, ಎರಡು ಮೂರು ಸೆಕೆಂಡುಗಳಲ್ಲಿ, ಓಡುತ್ತಿರುವ ಜೊತೆಗಾರನಿಗೆ ಆತ ಚೆಂಡು ಎಸೆಯಬೇಕು.

ಡೆನ್ವರ್ ಬ್ರಾಂಕೋಸ್ ತಂಡದ ಪೇಟನ್ ಮ್ಯಾನಿಂಗ್ ಇದರಲ್ಲಿ ಎತ್ತಿದ ಕೈ. 2013ರ ಸೀಸನ್ನಿನಲ್ಲಿ 55 ಟಚ್‌ಡೌನ್ ಎಸೆತಗಳ ದಾಖಲೆ ಅವರದು. ಆದರೆ 2015ರಲ್ಲಿ ಟಚ್‌ಡೌನ್ ಬರೀ 9, ಎದುರಾಳಿಯ ಕೈ ಸೇರಿದ ಎಸೆತ 17! ವಯಸ್ಸು 39. ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದಾಗಿ 2011ರ ಸೀಸನ್ನನ್ನೇ ಕಳೆದುಕೊಂಡಿದ್ದರು. ಈಗ ಪಾದಕ್ಕೂ ಪೆಟ್ಟು. ಕಾಲು ಗಟ್ಟಿಯಾಗಿ ಊರದಿದ್ದರೆ ಎಸೆಯುವ ತೋಳಿಗೆ ಬಲವೆಲ್ಲಿಂದ ಬರಬೇಕು?

ಆ ವರ್ಷದ ನವೆಂಬರ್ 15ರಂದು ಕಾನ್ಸಾಸ್ ಸಿಟಿ ವಿರುದ್ಧದ ಪಂದ್ಯ. ವೃತ್ತಿಜೀವನದ ಒಟ್ಟು ಪಾಸಿಂಗ್ ಗಜಗಳಲ್ಲಿ ಬ್ರೆಟ್ ಫಾರ್ವ್ ದಾಖಲೆಯನ್ನು ಮ್ಯಾನಿಂಗ್ ಮುರಿದರು. ಅದೇ ಪಂದ್ಯದಲ್ಲಿ 20 ಎಸೆತಗಳ ಪೈಕಿ ಜೊತೆಗಾರರಿಗೆ ಸಿಕ್ಕಿದ್ದು 5, ಎದುರಾಳಿಗಳು ಹಿಡಿದದ್ದು 4. ಕೋಚ್ ಅವರನ್ನು ಹೊರಗೆ ಕೂರಿಸಿ, ಕಿರಿಯ ಬ್ರಾಕ್ ಓಸ್ವೈಲರ್‌ನನ್ನು ಇಳಿಸಿದರು.

ಜನವರಿಯಲ್ಲಿ ಮರಳಿದ ಮ್ಯಾನಿಂಗ್‌ಗೆ ಹಳೆಯ ತೋಳು ಮರಳಿರಲಿಲ್ಲ. ಹೆಚ್ಚು ಸಾಹಸಕ್ಕೆ ಹೋಗದೆ, ತಂಡದ ಬಲಿಷ್ಠ ರಕ್ಷಣಾ ಪಡೆಯನ್ನು ನಂಬಿ ಆಡಿದರು. 2016ರ ಫೆಬ್ರುವರಿ 7ರಂದು ಡೆನ್ವರ್ 24-10ರಿಂದ ಸೂಪರ್ ಬೌಲ್ ಗೆದ್ದಿತು. ಮಾರ್ಚ್‌ನಲ್ಲಿ ಅವರು ನಿವೃತ್ತರಾದರು.

ಕೈ ನಿಧಾನವಾಗುವ ದಿನ ನಿಮಗೂ ಬರುತ್ತದೆ, ನನಗೂ ಬರುತ್ತದೆ. ಆಗ ಹಳೆಯ ಲೆಕ್ಕ ಒಪ್ಪಿಸುತ್ತಾ ಕೂರುವುದೋ, ಉಳಿದಷ್ಟು ಶಕ್ತಿಯಲ್ಲಿ ಜೊತೆಗಾರರಿಗೆ ಹೆಗಲು ಕೊಡುವುದೋ? ಯೋಚಿಸಿ ನೋಡಿ.