ನರಕೋಶದ ಭಾಗವತ

(ಶಾಲಾ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷಗಳಿಂದ ಅಕ್ಷರ ಕಲಿಸುತ್ತ ಬಂದಿರುವ ಈ ಅಂಗಳದಲ್ಲಿ, ಕಲಿತ ಮಾತನ್ನೇ ಕಳೆದುಕೊಳ್ಳುವ ಮಕ್ಕಳ ಕುರಿತು ಕೆಲವು ವಿಚಾರಗಳನ್ನು ನಿವೇದಿಸಲು ಬಯಸುತ್ತೇನೆ.

ಎಲ್ಲ ಶಿಶುಗಳಂತೆಯೇ ನಕ್ಕು, ತೊದಲಿ, ಆಟಿಕೆ ಹಿಡಿದು ಬೆಳೆಯುತ್ತಿದ್ದ ಹೆಣ್ಣುಮಗುವೊಂದು ಸಾಮಾನ್ಯವಾಗಿ ಆರರಿಂದ ಹದಿನೆಂಟು ತಿಂಗಳೊಳಗೆ ಹಿಂದೆ ಸರಿಯತೊಡಗುತ್ತದೆ. ಮಾತು ನಿಲ್ಲುತ್ತದೆ. ಕೈಗಳು ಹಿಡಿತ ಮರೆತು, ಬಟ್ಟೆ ಹಿಂಡುವಂತೆ ಒಂದನ್ನೊಂದು ಹೊಸೆಯುತ್ತಲೇ ಇರುತ್ತವೆ. ನಡಿಗೆ ತಪ್ಪುತ್ತದೆ, ಹಲವರಿಗೆ ಅಪಸ್ಮಾರವೂ ಬರುತ್ತದೆ. ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲಿ ವಿವರಿಸಿದ ಈ ಕಾಯಿಲೆಗೆ ರೆಟ್ ಸಿಂಡ್ರೋಮ್ ಎಂದು ಹೆಸರು. ಸುಮಾರು ಹತ್ತು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಬರುತ್ತದೆ. ಇದರ ಮೂಲ ತಿಳಿಯಲು ಮತ್ತೆ 33 ವರ್ಷ ಬೇಕಾಯಿತು. 1999ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹುದಾ ಜೋಗ್ಬಿ ಅವರ ಬಳಗವು, ಮೆಕ್‌ಪಿ2 ಎಂಬ ಪ್ರೋಟೀನನ್ನು ತಯಾರಿಸುವ ಜೀನಿನಲ್ಲಿ ದೋಷವನ್ನು ಗುರುತಿಸಿತು.

ಈ ಪ್ರೋಟೀನಿನ ಕೆಲಸವೇನು? ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಯಕ್ಷಗಾನದ ಉದಾಹರಣೆ ಸಾಕು. ಚೌಕಿಯಲ್ಲಿ ಎಲ್ಲ ವೇಷಗಳೂ ಬಣ್ಣ ಹಚ್ಚಿ ಕುಳಿತಿದ್ದರೂ ಎಲ್ಲರೂ ಒಮ್ಮೆಗೇ ರಂಗಸ್ಥಳಕ್ಕೆ ನುಗ್ಗುವುದಿಲ್ಲ. ಯಾರು ಯಾವಾಗ ಬರಬೇಕು, ಯಾರು ಕಾಯಬೇಕು ಎಂಬುದು ಜಾಗಟೆ ಹಿಡಿದ ಭಾಗವತರ ಅಧೀನ. ನಮ್ಮ ಪ್ರತಿ ಜೀವಕೋಶದಲ್ಲಿಯೂ ಸುಮಾರು ಇಪ್ಪತ್ತು ಸಾವಿರ ಜೀನ್‌ಗಳ ಚೌಕಿಯೊಂದಿದೆ. ಕಣ್ಣಿನ ಕೋಶಕ್ಕೂ ಮಿದುಳಿನ ಕೋಶಕ್ಕೂ ಜೀನ್‌ಗಳು ಅವೇ. ರಂಗಕ್ಕೆ ಬರುವವು ಮಾತ್ರ ಬೇರೆ. ಡಿಎನ್‌ಎಯ ಕೆಲವು ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಇರುತ್ತದೆ. ಮೆಕ್‌ಪಿ2 ಆ ಗುರುತನ್ನು ಹಿಡಿದು ಕುಳಿತು, ಮುಖ್ಯವಾಗಿ ಅಲ್ಲಿನ ಜೀನ್‌ಗಳನ್ನು ಹದ್ದಿನಲ್ಲಿಡುತ್ತದೆ. ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ ಈ ಪ್ರೋಟೀನನ್ನು 1992ರಲ್ಲಿಯೇ ಕಂಡುಹಿಡಿದಿತ್ತು.

ನರಕೋಶಗಳು ಪಕ್ವವಾಗುತ್ತ ಹೋದಂತೆ ಅವುಗಳಲ್ಲಿ ಮೆಕ್‌ಪಿ2 ಹೆಚ್ಚುತ್ತದೆ. ಎಂದೇ ಮಗು ಮೊದಲು ಸರಿಯಾಗಿ ಬೆಳೆದಂತೆ ಕಾಣುತ್ತದೆ: ಪೂರ್ವರಂಗ ಸಾಂಗವಾಗಿ ಮುಗಿದು, ಪ್ರಸಂಗ ಕಾವೇರುವಾಗ ಭಾಗವತಿಕೆಯ ಕೊರತೆ ಬಯಲಾದಂತೆ. ಹಾಗೆಂದು ಈ ಪ್ರೋಟೀನು ಹೆಚ್ಚಿದ್ದಷ್ಟೂ ಒಳಿತೆಂದಲ್ಲ. ಇದೇ ಜೀನಿನ ಪ್ರತಿ ಇಮ್ಮಡಿಯಾದರೆ ಇನ್ನೊಂದು ತೀವ್ರ ಕಾಯಿಲೆ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಕಾಣಿಸಿಕೊಳ್ಳುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಮಗುವಿಗೆ ಹೀಗಾದಾಗ ನಮ್ಮ ಮನೆಗಳಲ್ಲಿ ಮೊದಲು ಬೆರಳು ತೋರುವುದು ತಾಯಿಯತ್ತ. ಗರ್ಭಿಣಿಯಾಗಿದ್ದಾಗ ಏನು ತಿಂದಳು, ಎಲ್ಲಿ ಹೋದಳು, ಯಾವ ದೈವದ ಮುನಿಸು ಎಂಬ ವಿಚಾರಣೆ ನಡೆಯುತ್ತದೆ. ರೆಟ್ ಸಿಂಡ್ರೋಮಿನಲ್ಲಿ ನೂರಕ್ಕೆ 99ರಷ್ಟು ಸಂದರ್ಭಗಳಲ್ಲಿ ದೋಷವು ವಂಶದಿಂದ ಬಂದುದಲ್ಲ, ಹೊಸದಾಗಿ ಉಂಟಾದುದು. ಅದೂ ಬಹುಪಾಲು ತಂದೆಯ ವೀರ್ಯಾಣು ರೂಪುಗೊಳ್ಳುವಾಗ. ಅದಕ್ಕಾಗಿ ತಂದೆಯನ್ನು ದೂರುವುದೂ ಸಲ್ಲದು. ಕೋಟಿಗಟ್ಟಲೆ ಅಕ್ಷರಗಳನ್ನು ಪ್ರತಿ ಮಾಡುವಾಗ ಒಂದು ತಪ್ಪಿತು, ಅಷ್ಟೆ. ಅದು ಯಾರ ಪಾಪವೂ ಅಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ನಮ್ಮ ಜಿಲ್ಲೆಯಲ್ಲಿ ಮಕ್ಕಳ ನರಮಂಡಲದ ಮಾತೆತ್ತಿದರೆ ಎಂಡೋಸಲ್ಫಾನ್ ನೆನಪಾಗದೆ ಇರದು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಕಥೆ ಬೇರೆ, ರೆಟ್ ಸಿಂಡ್ರೋಮಿನ ಕಥೆ ಬೇರೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮರೆಮಾಡಬಾರದು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ತಡೆದದ್ದು ಜನರು ಕಾರಣವನ್ನು ಪಟ್ಟುಬಿಡದೆ ಕೇಳಿದ್ದರಿಂದ. ಪ್ರತಿ ಮಗುವಿನ ವಿಷಯದಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಬೇಕು. ಕಲಿತದ್ದನ್ನು ಮಗು ಮರೆಯುತ್ತಿದ್ದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಬೇಕು. ರಕ್ತದ ಜೀನ್ ಪರೀಕ್ಷೆಯಿಂದ ಮೆಕ್‌ಪಿ2 ದೋಷವನ್ನು ಗುರುತಿಸಬಹುದು.

ಗುರುತಿಸಿ ಫಲವೇನು ಎಂದು ಕೇಳಬಹುದು. 2007ರಲ್ಲಿ ಬರ್ಡ್ ಅವರ ತಂಡ, ಈ ಪ್ರೋಟೀನಿಲ್ಲದೆ ಕಾಯಿಲೆ ಬಿದ್ದ ಇಲಿಗಳಲ್ಲಿ ಜೀನನ್ನು ಮತ್ತೆ ಚಾಲನೆಗೊಳಿಸಿತು. ಇಲಿಗಳು ಬಹುಮಟ್ಟಿಗೆ ಚೇತರಿಸಿಕೊಂಡವು. ನರಕೋಶಗಳು ಸತ್ತಿರಲಿಲ್ಲ, ಕಾಯುತ್ತಿದ್ದವು ಎಂದಾಯಿತು. ಮನುಷ್ಯರಲ್ಲಿ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಲಕ್ಷಣಗಳನ್ನು ತಗ್ಗಿಸುವ ಟ್ರೋಫಿನೆಟೈಡ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆತಿದೆ.

ಮದ್ದು ಬರುವವರೆಗೆ ಶಾಲೆ ಮಾಡಬಹುದಾದುದೊಂದಿದೆ. ಈ ಮಕ್ಕಳಲ್ಲಿ ಅನೇಕರು ಮಾತೂ ಕೈಯೂ ಸೋತಿದ್ದರೂ ಕಣ್ಣಿನಿಂದ ಉತ್ತರಿಸುತ್ತಾರೆ. ನೀರಿನ ಚಿತ್ರವನ್ನೂ ಅನ್ನದ ಚಿತ್ರವನ್ನೂ ಎದುರಿಗೆ ಹಿಡಿದರೆ, ಬೇಕಾದುದರ ಮೇಲೆ ದೃಷ್ಟಿ ನಿಲ್ಲಿಸುತ್ತಾರೆ. ಅದಕ್ಕೆ ಬೇಕಾದದ್ದು ಎರಡು ರಟ್ಟಿನ ತುಂಡು ಮತ್ತು ಕಾಯುವ ತಾಳ್ಮೆ. ನೂರು ವರ್ಷ ಈ ಶಾಲೆ ಬಾಯಿಪಾಠ ಒಪ್ಪಿಸಿದವರ ಉತ್ತರಗಳನ್ನು ಕೇಳಿದೆ. ಮುಂದಿನ ನೂರರಲ್ಲಿ ಕಣ್ಣಿನಿಂದ ಉತ್ತರ ಹೇಳುವ ಮಗುವಿಗೂ ಇಲ್ಲಿನ ಬೆಂಚಿನ ಮೇಲೆ ಎಡೆಯಿರಲಿ ಎಂದು ಪ್ರಾರ್ಥಿಸಿ, ಮಾತು ಮುಗಿಸುತ್ತೇನೆ.